ಒಣಗುವ ಎಣ್ಣೆ, ಒಣಗದ ಎಣ್ಣೆ

ಅಜ್ಜಿ ಮನೆಯ ಹಲಸಿನ ಮರದ ತೂಗುಮಣೆ ಕೊನೆಗೂ ನಮ್ಮ ಬೆಂಗಳೂರಿನ ಮನೆಗೆ ಬಂತು. ಹಳೇ ವಾರ್ನಿಷ್ ಚಕ್ಕೆ ಎದ್ದಿತ್ತು. ಎರಡು ಭಾನುವಾರ ಕೂತು ಕೆರೆದು, ಉಜ್ಜಿ, ಒಳಗಿನ ಹಳದಿ ಮರ ಕಾಣುವ ಹಾಗೆ ಮಾಡಿದೆ. ಇಷ್ಟು ಒಳ್ಳೆ ಮರಕ್ಕೆ ಮತ್ತೆ ಕೆಮಿಕಲ್ ಯಾಕೆ, ಎಣ್ಣೆ ಹಚ್ಚೋಣ ಅನ್ನಿಸಿತು. ಅಡುಗೆಮನೆಯಲ್ಲಿ ಕಡಲೆಕಾಯಿ ಎಣ್ಣೆ ಇತ್ತು. ಧಾರಾಳವಾಗಿ ಸುರಿದು ತಿಕ್ಕಿದೆ. ಮರ ಜೇನಿನ ಬಣ್ಣಕ್ಕೆ ತಿರುಗಿ ಥಳಥಳ ಹೊಳೆಯಿತು.

ಮೂರು ವಾರ ಕಳೆದರೂ ಹಾಗೇ ಹೊಳೆಯುತ್ತಿತ್ತು. ತೊಂದರೆ ಅದೇ. ಮುಟ್ಟಿದರೆ ಕೈಗೆಲ್ಲ ಜಿಡ್ಡು. ಧೂಳು ಕೂತು ಅಂಚು ಕಪ್ಪಾಗತೊಡಗಿತು. ಊರಿಂದ ಬಂದ ಅತ್ತೆ ಕೂತು ಎದ್ದಾಗ ಅವರ ರೇಷ್ಮೆ ಸೀರೆ ಮೇಲೆ ಮಣೆಯ ಅಚ್ಚು ಬಿದ್ದಿತ್ತು. ಪಕ್ಕದ ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಮೇಸ್ತ್ರಿಯನ್ನು ಕರೆದು ತೋರಿಸಿದೆ. ಬೆರಳಿನಿಂದ ಸವರಿ, ಮೂಸಿ, ನಕ್ಕರು. "ಬೋಂಡಾ ಕರಿಯೋ ಎಣ್ಣೆ ಹಾಕಿದ್ದೀರಲ್ಲ ಸಾರ್. ಇದು ಒಣಗೋ ಎಣ್ಣೆ ಅಲ್ಲ."

ಎಣ್ಣೆಯಲ್ಲಿ ಒಣಗುವುದು, ಒಣಗದ್ದು ಅಂತ ಬೇರೆ ಇದೆಯಾ? ಇದೆ. ಅದೊಂದು ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಯಾವ ಎಣ್ಣೆ ತರಬೇಕು, ಹಚ್ಚಿದ್ದನ್ನು ಯಾಕೆ ಒರೆಸಬೇಕು, ಜುಲೈನಲ್ಲಿ ಯಾಕೆ ಕೈ ಹಾಕಬಾರದು, ಒರೆಸಿದ ಬಟ್ಟೆಯನ್ನು ಯಾಕೆ ಮೂಲೆಗೆ ಎಸೆಯಬಾರದು, ಎಲ್ಲವೂ.

ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ

ಒಗೆದ ಬಟ್ಟೆ ಒಣಗುತ್ತದೆ ಅಂದರೆ ಅದರಲ್ಲಿನ ನೀರು ಗಾಳಿಗೆ ಹೋಗುತ್ತದೆ. ಎಣ್ಣೆ ಹಾಗೆ ಎಲ್ಲಿಗೂ ಹೋಗುವುದಿಲ್ಲ. ಅದು ಗಾಳಿಯಿಂದ ಆಮ್ಲಜನಕವನ್ನು ತಾನೇ ಎಳೆದುಕೊಳ್ಳುತ್ತದೆ. ಅಗಸೆ ಎಣ್ಣೆಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ ತೂಗಿ ನೋಡಿದರೆ, ಒಣಗುತ್ತಾ ಹೋದಂತೆ ತೂಕ ಜಾಸ್ತಿ ಆಗುತ್ತದೆ. ನೀರಿಗೆ ಪೂರ್ತಿ ಉಲ್ಟಾ.

ನಿಮ್ಮ ಅಡುಗೆಮನೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಸೂರ್ಯಕಾಂತಿ ಎಣ್ಣೆ ಡಬ್ಬದ ಮುಚ್ಚಳದ ಸುತ್ತ ಕಂದು ಬಣ್ಣದ ಅಂಟು ಕಟ್ಟಿರುತ್ತದಲ್ಲ, ಸೋಪಿಗೂ ಬಿಡದೆ ಉಗುರಿನಲ್ಲಿ ಕೆರೆಯಬೇಕಾದದ್ದು? ಅದು ಅರ್ಧಂಬರ್ಧ ಒಣಗಿದ ಎಣ್ಣೆ. ತೆಂಗಿನೆಣ್ಣೆ ಬಾಟಲಿಯ ಬಾಯಲ್ಲಿ ಆ ಅಂಟು ಬರುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ತೆಂಗಿನೆಣ್ಣೆ ಬೆಣ್ಣೆಯ ಹಾಗೆ ಗಟ್ಟಿ ಆಗುತ್ತದೆ, ನಿಜ. ಆದರೆ ಬಿಸಿಲಿಗಿಟ್ಟರೆ ಮತ್ತೆ ಕರಗುತ್ತದೆ. ಒಣಗಿದ ಎಣ್ಣೆಯನ್ನು ಎಷ್ಟು ಬಿಸಿ ಮಾಡಿದರೂ ಮತ್ತೆ ಎಣ್ಣೆ ಆಗುವುದಿಲ್ಲ. ದೋಸೆ ಕಾವಲಿಯನ್ನು ಪಳಗಿಸುವುದು ಕೂಡ ಇದೇ ಕೆಲಸ. ಅಲ್ಲಿ ಬೆಂಕಿ ಅವಸರ ಮಾಡಿಸುತ್ತದೆ, ಮರದ ಮೇಲೆ ನಾವು ಗಾಳಿಗಾಗಿ ಕಾಯುತ್ತೇವೆ.

ಎಲ್ಲ ಎಣ್ಣೆಯೂ ಉದ್ದುದ್ದ ಎಳೆಗಳಿಂದ ಆಗಿರುತ್ತದೆ. ಕೆಲವು ಎಳೆಗಳಲ್ಲಿ ಅಲ್ಲಲ್ಲಿ ಜೋಡಿ ಬಂಧ ಎನ್ನುವ ಸಡಿಲ ಜಾಗಗಳಿರುತ್ತವೆ. ಆಮ್ಲಜನಕ ಬಂದು ಕೈ ಹಾಕುವುದು ಆ ಜಾಗಗಳ ಆಸುಪಾಸಿನಲ್ಲೇ. ಆಮೇಲೆ ಒಂದು ಎಳೆ ಪಕ್ಕದ ಎಳೆಗೆ ಗಂಟು ಬೀಳುತ್ತದೆ, ಅದು ಇನ್ನೊಂದಕ್ಕೆ. ಕೊನೆಗೆ ಎಲ್ಲ ಸೇರಿ ಒಂದು ಬಲೆಯಾಗುತ್ತದೆ. ಹರಿಯುತ್ತಿದ್ದದ್ದು ನಿಂತುಹೋಗುತ್ತದೆ. ಅಗಸೆ ಎಣ್ಣೆಯ ಅರ್ಧದಷ್ಟು ಎಳೆಗಳಲ್ಲಿ ಇಂಥ ಜಾಗ ಮೂರು ಮೂರು ಇವೆ. ತೆಂಗಿನೆಣ್ಣೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇದನ್ನು ಅಳೆಯಲು ಅಯೋಡಿನ್ ಸಂಖ್ಯೆ ಅಂತ ಒಂದು ಲೆಕ್ಕ ಇದೆ. 100 ಗ್ರಾಂ ಎಣ್ಣೆ ಆ ಸಡಿಲ ಜಾಗಗಳಲ್ಲಿ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಎನ್ನುವುದು. ತೆಂಗಿನೆಣ್ಣೆಗೆ 10ರ ಆಸುಪಾಸು. ಹರಳೆಣ್ಣೆಗೆ 85, ಕಡಲೆಕಾಯಿಗೆ 90ರ ಸುತ್ತ, ಎಳ್ಳೆಣ್ಣೆಗೆ 110. ಸೂರ್ಯಕಾಂತಿ ಮತ್ತು ಹುಚ್ಚೆಳ್ಳು 130ರ ಹತ್ತಿರ ಬರುತ್ತವೆ. ಅಗಸೆ ಎಣ್ಣೆ 170 ದಾಟುತ್ತದೆ. ಸುಮಾರು 130ಕ್ಕಿಂತ ಮೇಲಿದ್ದರೆ ಒಣಗುವ ಎಣ್ಣೆ ಅನ್ನುವುದು ವಾಡಿಕೆ. ನನ್ನ ತೂಗುಮಣೆಯ ಕಥೆ ಈ ಲೆಕ್ಕದಲ್ಲೇ ಮುಗಿದುಹೋಗಿತ್ತು, ಗೊತ್ತಿಲ್ಲದೆ ಮೂರು ವಾರ ಕಾದೆ ಅಷ್ಟೆ.

ಅಂಗಡಿಗೆ ಹೋದರೆ

ಅಗಸೆ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದವರ ರೊಟ್ಟಿ ಊಟದ ಚಟ್ನಿಪುಡಿ ಅದೇ ಬೀಜದ್ದು. ಟೆನಿಸ್ ಬಾಲ್ ಬಿಟ್ಟು ಲೆದರ್ ಬಾಲಿಗೆ ಬಡ್ತಿ ಪಡೆದ ಹುಡುಗರಿಗೂ ಅದರ ವಾಸನೆ ಗೊತ್ತು. ಹೊಸ ಬ್ಯಾಟಿಗೆ ಲಿನ್‌ಸೀಡ್ ಎಣ್ಣೆ ಸವರಿ, ಅಡ್ಡ ಮಲಗಿಸಿಟ್ಟು, ಆಮೇಲೆ ಹಳೇ ಬಾಲಿನಲ್ಲಿ ಟಕಟಕ ಬಡಿಯುತ್ತಿದ್ದೆವಲ್ಲ, ಆ ಲಿನ್‌ಸೀಡ್ ಅಂದರೆ ಅಗಸೆ. ನೆಲಕ್ಕೆ ಹಾಸುವ ಲಿನೋಲಿಯಂ ಹುಟ್ಟಿದ್ದೂ ಇದರಿಂದ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಬಣ್ಣದ ಡಬ್ಬದ ಮೇಲೆ ಕಟ್ಟಿದ್ದ ಅಗಸೆ ಎಣ್ಣೆಯ ಕೆನೆಯನ್ನು ನೋಡಿ, ರಬ್ಬರಿನ ಹಾಗಿರುವ ಇದನ್ನು ಯಾಕೆ ಬಳಸಬಾರದು ಅಂತ ಹೊರಟಿದ್ದರು.

ಸಿದ್ದಯ್ಯ ರಸ್ತೆಯ ಕಡೆಗೋ ನಿಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಗೋ ಹೋಗಿ ಲಿನ್‌ಸೀಡ್ ಕೇಳಿದರೆ "ರಾ ಬೇಕಾ, ಬಾಯ್ಲ್ಡಾ?" ಅಂತಾರೆ. ರಾ ಅಂದರೆ ಬರೀ ಎಣ್ಣೆ. ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಬಾಯ್ಲ್ಡ್ ಅಂದರೆ ಹೆಸರಿಗೆ ಕುದಿಸಿದ್ದು, ಆದರೆ ಇವತ್ತಿನ ಬಹುತೇಕ ಡಬ್ಬಗಳಲ್ಲಿ ಅವಸರ ಮಾಡಿಸುವುದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣಗಳು. ಒಂದೆರಡು ದಿನದಲ್ಲಿ ಒಣಗುತ್ತದೆ. ಕುರ್ಚಿ, ಮೇಜು, ಪುಸ್ತಕದ ಕಪಾಟಿಗೆ ನಾನು ಇದನ್ನೇ ಬಳಸುತ್ತೇನೆ. ಲಟ್ಟಣಿಗೆ, ಸೌಟಿಗೆ ಮಾತ್ರ ಬೇಡವೇ ಬೇಡ. ಅವಕ್ಕೆ ಗಾಣದಲ್ಲಿ ತೆಗೆದ, ತಿನ್ನುವ ಅಗಸೆ ಎಣ್ಣೆ ತನ್ನಿ. ಹಾಗೆ ತರುವಾಗ ಬಾಟಲಿಯ ಹಿಂದೆ ಓದಿ. ಕೆಡದಿರಲಿ ಅಂತ ವಿಟಮಿನ್ ಇ ಸೇರಿಸಿದ್ದರೆ ಅದು ಒಣಗುವುದನ್ನೂ ತಡೆಯುತ್ತದೆ. ಎಣ್ಣೆ ಕೆಡುವುದೂ ಒಣಗುವುದೂ ಗಾಳಿಯ ಜೊತೆಗಿನ ಒಂದೇ ಜಗಳ.

ಇನ್ನೊಂದು ಟಂಗ್ ಎಣ್ಣೆ. ಚೀನಾದ ಒಂದು ಮರದ ಬೀಜದ್ದು. ತುಂಗಾ ನದಿಗೂ ಇದಕ್ಕೂ ಸಂಬಂಧ ಇಲ್ಲ. ಅಗಸೆಗಿಂತ ನೀರು ತಡೆಯುತ್ತದೆ, ಹಳದಿ ತಿರುಗುವುದು ಕಡಿಮೆ. ಬೆಲೆ ಮಾತ್ರ ಚುರುಕು. "ಟೀಕ್ ಆಯಿಲ್", "ಡ್ಯಾನಿಶ್ ಆಯಿಲ್" ಅಂತ ಬರೆದಿರುವ ಡಬ್ಬಗಳೂ ಸಿಗುತ್ತವೆ. ಟೀಕ್ ಆಯಿಲನ್ನು ತೇಗದ ಮರ ಹಿಂಡಿ ತೆಗೆದಿರುವುದಿಲ್ಲ. ಸಾಮಾನ್ಯವಾಗಿ ಅಗಸೆಯೋ ಟಂಗೋ, ಅದಕ್ಕೆ ಸ್ವಲ್ಪ ವಾರ್ನಿಷ್, ಮಿಕ್ಕಿದ್ದು ತಿನ್ನರ್. ಕೆಟ್ಟದ್ದೇನಲ್ಲ, ಕೆಲಸ ಸುಲಭ. ಆದರೆ ಹೆಸರಿಗೆ ದುಡ್ಡು ಕೊಡಬೇಡಿ.

ಕರಾವಳಿಯವರು ಇಲ್ಲಿ ಗೇರೆಣ್ಣೆಯ ಮಾತು ಎತ್ತುತ್ತಾರೆ. ಗೋಡಂಬಿ ಸಿಪ್ಪೆಯ ಆ ಕಪ್ಪು ಎಣ್ಣೆಯನ್ನು ಪಕ್ಕಾಸು, ರೀಪುಗಳಿಗೆ ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಮಾಡಿನ ಮರಕ್ಕೆ ಸರಿ. ಚರ್ಮಕ್ಕೆ ತಗುಲಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ, ಹಾಗಾಗಿ ಕೂರುವ ಮಣೆಗೆ ಅದರ ಯೋಚನೆಯೂ ಬೇಡ.

ಹಚ್ಚುವುದಕ್ಕಿಂತ ಒರೆಸುವುದೇ ದೊಡ್ಡ ಕೆಲಸ

ಮೊದಲು ನೋಡಬೇಕಾದ್ದು ಮರದ ಮೇಲೆ ಈಗಾಗಲೇ ಏನಾದರೂ ಕೂತಿದೆಯಾ ಎಂದು. ಒಂದು ಹನಿ ನೀರು ಬಿಡಿ. ಹೀರಿಕೊಂಡು ಮರ ಕಪ್ಪಾದರೆ ಎಣ್ಣೆಯೂ ಒಳಗೆ ಹೋಗುತ್ತದೆ. ಹನಿ ಮುತ್ತಿನ ಹಾಗೆ ನಿಂತರೆ ಮೇಲೆ ಮೆಲಮೈನೋ ಪಿಯು (ಪಾಲಿಯುರೆಥೇನ್) ಪಾಲಿಶೋ ಇದೆ. ಅದನ್ನು ಪೂರ್ತಿ ತೆಗೆಯದೆ ಎಣ್ಣೆ ಹಚ್ಚಿದರೆ ಗಾಜಿಗೆ ಹಚ್ಚಿದ ಹಾಗೆ. ಅಂದ ಹಾಗೆ, ಅಪಾರ್ಟ್‌ಮೆಂಟುಗಳ ವಾರ್ಡ್‌ರೋಬ್ ಬಹುಪಾಲು ಪ್ಲೈವುಡ್ ಮೇಲೆ ಲ್ಯಾಮಿನೇಟ್. ಮರದ ಗೆರೆ ಕಾಣುತ್ತದೆ, ಅದು ಅಚ್ಚು ಹಾಕಿದ ಕಾಗದ. ಸುಮ್ನೆ ಎಣ್ಣೆ ದಂಡ.

ಸ್ಯಾಂಡ್ ಪೇಪರ್ 120ನೇ ನಂಬರಿನಲ್ಲಿ ಶುರು ಮಾಡಿ, 180, ಕೊನೆಗೆ 220. ನಂಬರ್ ಏರಿದಷ್ಟೂ ಪೇಪರ್ ನಯ. ಯಾವಾಗಲೂ ಮರದ ಗೆರೆಯ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಈಗ ಕಾಣದಿದ್ದರೂ ಎಣ್ಣೆ ಬಿದ್ದ ಕೂಡಲೇ ಎದ್ದು ಕಾಣುತ್ತದೆ. 220 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಸವರಿ ಒಣಗಲು ಬಿಡಿ. ಮಲಗಿದ್ದ ನಾರುಗಳೆಲ್ಲ ಎದ್ದು ನಿಂತು ಮೇಲ್ಮೈ ಒರಟಾಗುತ್ತದೆ. ಆಗ ಅದೇ 220ರಲ್ಲಿ ಹಗುರವಾಗಿ ಇನ್ನೊಂದು ಸಲ. ಈ ಹೆಜ್ಜೆ ಬಿಟ್ಟವರ ಮೇಜು ಮೊದಲ ಕಾಫಿ ಚೆಲ್ಲಿದ ದಿನವೇ ಒರಟಾಗುತ್ತದೆ.

ಈಗ ಎಣ್ಣೆ. ಹಳೇ ಬನಿಯನ್ ಅಥವಾ ಪಂಚೆಯ ತುಂಡು ಸಾಕು. ಮರ ಪೂರ್ತಿ ಒದ್ದೆಯಾಗುವಷ್ಟು ಹಚ್ಚಿ. ಮಂಕಾಗಿ ಕಾಣುವ ಜಾಗ ಕುಡಿದುಬಿಟ್ಟಿದೆ ಅಂತ ಅರ್ಥ, ಅಲ್ಲಿ ಇನ್ನಷ್ಟು. ಹಲಗೆಯ ಅಡ್ಡ ಕೊಯ್ದ ತುದಿಗಳು ಎಷ್ಟು ಕೊಟ್ಟರೂ ಕುಡಿಯುತ್ತವೆ. ಮರ ಅಂದರೆ ಸಣ್ಣ ಕೊಳವೆಗಳ ಕಟ್ಟು, ತುದಿಯಲ್ಲಿ ಅವುಗಳ ಬಾಯಿ ತೆರೆದಿರುತ್ತದೆ. ಮೇಲ್ಮೈಯಲ್ಲಿ ಹಾಗಲ್ಲ. ಎಣ್ಣೆ ಮರದ ಆಳಕ್ಕೆ ಇಳಿದು ಒಳಗಿನಿಂದ ಕಾಪಾಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಲಗೆಯ ಮುಖದಲ್ಲಿ ಅದು ಇಳಿಯುವುದು ಒಂದು ಮಿಲಿಮೀಟರಿಗಿಂತ ಕಡಿಮೆ.

ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ಒರೆಸಿ. ಮೆಲ್ಲಗೆ ಸವರುವುದಲ್ಲ, ಹಚ್ಚಿದ್ದನ್ನೇ ವಾಪಸ್ ತೆಗೆಯುವ ಹಾಗೆ ಒತ್ತಿ ಒರೆಸಬೇಕು. ಕೈ ಸವರಿದರೆ ಜಿಡ್ಡು ಅನ್ನಿಸಬಾರದು. ಮನಸ್ಸು ಒಪ್ಪುವುದಿಲ್ಲ, ಅಷ್ಟು ಚೆನ್ನಾಗಿ ಹೊಳೆಯುತ್ತಿರುವುದನ್ನು ಯಾಕೆ ಒರೆಸಬೇಕು ಅನ್ನಿಸುತ್ತದೆ. ಎಣ್ಣೆಗೆ ಗಾಳಿ ಬೇಕು ಅಂತ ನೋಡಿದೆವಲ್ಲ. ದಪ್ಪಗೆ ಬಿಟ್ಟರೆ ಮೇಲಿನ ಪದರ ಮೊದಲು ಒಣಗಿ ಕೆನೆ ಕಟ್ಟುತ್ತದೆ. ಕೆಳಗಿನ ಎಣ್ಣೆಗೆ ಗಾಳಿ ಸಿಗದೆ ಹಸಿಯಾಗೇ ಉಳಿಯುತ್ತದೆ. ಮೇಲೆ ಸುಕ್ಕು, ಒಳಗೆ ಅಂಟು. ಹಾಲು ಕಾಸಿಟ್ಟ ಪಾತ್ರೆ ನೆನಪಿಸಿಕೊಳ್ಳಿ.

ಒರೆಸಿದ ಮೇಲೂ ಒಂದು ಗಂಟೆ ಬಿಟ್ಟು ಬಂದು ನೋಡಬೇಕು. ಬೀಟೆ, ಹೊನ್ನೆಯಂಥ ದೊಡ್ಡ ರಂಧ್ರದ ಮರಗಳು ಕುಡಿದ ಎಣ್ಣೆಯನ್ನು ಬೆವರಿನ ಹನಿಯ ಹಾಗೆ ಹೊರಗೆ ಬಿಡುತ್ತವೆ. ಬಿಸಿಲಿಗಿಟ್ಟರೆ ಇನ್ನೂ ಜಾಸ್ತಿ. ಆ ಹನಿಗಳನ್ನು ಒರೆಸದಿದ್ದರೆ ಮಾರನೇ ದಿನ ಹೊಳೆಯುವ ಚುಕ್ಕೆಗಳಾಗಿ ಕೂತಿರುತ್ತವೆ, ಮತ್ತೆ ಉಜ್ಜಬೇಕು.

ಎಷ್ಟು ಸಲ ಹಚ್ಚಬೇಕು? ಮೂರು ತೆಳು ಕೋಟ್ ಅನ್ನುವುದು ನನ್ನ ಲೆಕ್ಕ, ಊಟದ ಮೇಜಾದರೆ ಐದು. ಒಂದು ಕೋಟ್ ಪೂರ್ತಿ ಒಣಗದೆ ಮುಂದಿನದು ಬೇಡ. ವಾಸನೆಯೇ ಹೇಳುತ್ತದೆ. ಮೂಗು ಹತ್ತಿರ ತಂದಾಗ ಎಣ್ಣೆಯ ಘಾಟು ಬರುತ್ತಿದ್ದರೆ ಇನ್ನೂ ಒಣಗುತ್ತಿದೆ. ಮೊದಲ ಕೋಟಿಗೆ ಮಾತ್ರ ಕೆಲವರು ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸುತ್ತಾರೆ. ಬೇಗ ಹೀರಿಕೊಳ್ಳುತ್ತದೆ, ಬಳಿಯಲು ಸಲೀಸು. ಕಿಟಕಿ ತೆರೆದಿರಲಿ.

ಬೆಂಗಳೂರಿನ ಹವಾಮಾನಕ್ಕೆ ಈ ಕೆಲಸ ಒಗ್ಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಗಾಳಿ ಒಣಗಿರುತ್ತದೆ, ಬಿಸಿಲಿರುತ್ತದೆ, ಒಂದು ದಿನದ ಕೋಟ್ ಒಂದೇ ದಿನದಲ್ಲಿ ಮುಗಿಯುತ್ತದೆ. ಜೂನ್ ಕಳೆದ ಮೇಲೆ ಮೋಡ, ತಂಪು, ತೇವ. ಅದೇ ಕೋಟ್ ನಾಲ್ಕು ದಿನ ತೆಗೆದುಕೊಂಡರೂ ಆಶ್ಚರ್ಯ ಇಲ್ಲ. ರಾ ಅಗಸೆ ಎಣ್ಣೆಯಾದರೆ ಒಣಗುವ ಮುಂಚೆ ಬೂಷ್ಟು ಬಂದು ಕರಿ ಚುಕ್ಕೆ ಕಾಣಿಸಿಕೊಳ್ಳಬಹುದು, ಬೂಷ್ಟಿಗೆ ಅದು ಒಳ್ಳೆ ಊಟ. ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುವ ಬಾಗಿಲಿಗೆ ಎಣ್ಣೆ ಪರಿಹಾರ ಅಂತಲೂ ನಂಬಬೇಡಿ. ಎಣ್ಣೆ ಚೆಲ್ಲಿದ ನೀರನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಗಾಳಿಯ ತೇವವನ್ನು ತಡೆಯುವುದಿಲ್ಲ, ಮರ ಉಬ್ಬುತ್ತದೆ, ಕುಗ್ಗುತ್ತದೆ.

ಮರದಿಂದ ಮರಕ್ಕೂ ವ್ಯತ್ಯಾಸ ಇದೆ. ಹಲಸು ಎಣ್ಣೆಗೆ ಹೇಳಿ ಮಾಡಿಸಿದ್ದು, ಹಳದಿಯಿಂದ ಬಂಗಾರಕ್ಕೆ, ವರ್ಷ ಕಳೆದ ಹಾಗೆ ಕೆಂಪು ಕಂದಿಗೆ ತಿರುಗುತ್ತದೆ. ತೇಗ ಮತ್ತು ಬೀಟೆಯಲ್ಲಿ ಮರದ್ದೇ ಎಣ್ಣೆ ಇದೆ. ಅದರಲ್ಲಿ ಬಾಟಲಿಯ ವಿಟಮಿನ್ ಇ ಮಾಡುವ ಕೆಲಸವನ್ನೇ ಮಾಡುವ ಪದಾರ್ಥಗಳಿವೆ, ನಾವು ಹಚ್ಚಿದ್ದನ್ನು ಒಣಗಲು ಬಿಡುವುದಿಲ್ಲ. ಹಚ್ಚುವ ಸ್ವಲ್ಪ ಮುಂಚೆ ತಿನ್ನರ್ ಬಟ್ಟೆಯಲ್ಲಿ ಒರೆಸಿ, ಕೋಟ್ ತುಂಬ ತೆಳುವಾಗಿಟ್ಟರೆ ಹೆಚ್ಚಿನ ಸಲ ಬಗ್ಗುತ್ತದೆ. ಮರಗಳನ್ನು ಗುರುತಿಸುವ ಆಸಕ್ತಿ ಇದ್ದವರಿಗೆ ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಮರಗಳದ್ದೇ ಒಂದು ಮ್ಯೂಸಿಯಂ ಕೂಡ ಇದೆ.

ಒರೆಸಿದ ಬಟ್ಟೆ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಅಗಸೆ ಅಥವಾ ಟಂಗ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ತಾನಾಗಿ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿ ಬೇಡ, ಕಿಡಿ ಬೇಡ.

ಎಣ್ಣೆ ಗಾಳಿ ಎಳೆದುಕೊಂಡು ಒಣಗುವಾಗ ಬಿಸಿ ಹುಟ್ಟುತ್ತದೆ. ಮೇಜಿನ ಮೇಲೆ ತೆಳ್ಳಗೆ ಹರಡಿದ್ದರೆ ಆ ಬಿಸಿ ಹಾಗೇ ಹಾರಿಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಮುದ್ದೆ ಬಟ್ಟೆಯಲ್ಲಿ ಸಾವಿರ ಮಡಿಕೆ, ಎಲ್ಲ ಮಡಿಕೆಗೂ ಎಣ್ಣೆ, ಎಣ್ಣೆಗೆ ಬೇಕಾದಷ್ಟು ಗಾಳಿ. ಆದರೆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಬಿಸಿ ಏರಿದಂತೆ ಒಣಗುವ ವೇಗ ಏರುತ್ತದೆ, ವೇಗ ಏರಿದಂತೆ ಬಿಸಿ ಇನ್ನೂ ಏರುತ್ತದೆ. ಕೆಲವು ಗಂಟೆಗಳಲ್ಲಿ ಹೊಗೆ, ಆಮೇಲೆ ಬೆಂಕಿ. ಬಾಯ್ಲ್ಡ್ ಎಣ್ಣೆಯಲ್ಲಿ ಅವಸರದ ಲವಣಗಳು ಇರುವುದರಿಂದ ಅಪಾಯ ಜಾಸ್ತಿ.

1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವನ್ ಮೆರಿಡಿಯನ್ ಪ್ಲಾಜಾ ಎನ್ನುವ 38 ಮಹಡಿಯ ಕಟ್ಟಡ ಹೊತ್ತಿಕೊಂಡಿತು. 22ನೇ ಮಹಡಿಯಲ್ಲಿ ಗೋಡೆಯ ಮರದ ಹಲಗೆಗಳಿಗೆ ಪಾಲಿಶ್ ಮಾಡಿದವರು ಅಗಸೆ ಎಣ್ಣೆಯ ಬಟ್ಟೆಗಳನ್ನು ಬಿಟ್ಟುಹೋಗಿದ್ದರು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿ ನಿಂತಿದ್ದು 30ನೇ ಮಹಡಿಯಲ್ಲಿ, ಅಲ್ಲಿ ಸ್ಪ್ರಿಂಕ್ಲರ್ ಇತ್ತು.

ನಾನು ಮಾಡುವುದು ಇಷ್ಟು. ಕೆಲಸ ಮುಗಿದ ಕೂಡಲೇ, ಕಾಫಿ ಕುಡಿಯುವ ಮುಂಚೆ, ಬಟ್ಟೆಗಳನ್ನು ಬಕೆಟ್ ನೀರಿನಲ್ಲಿ ಅದ್ದುತ್ತೇನೆ. ಆಮೇಲೆ ಟೆರೇಸಿನ ತಂತಿಯ ಮೇಲೆ ಒಂದೊಂದಾಗಿ, ಮಡಿಕೆ ಇಲ್ಲದೆ ಹರಡುತ್ತೇನೆ. ಎರಡು ಮೂರು ದಿನದಲ್ಲಿ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತವೆ. ಆಗ ಎಣ್ಣೆಯ ಕೆಲಸ ಮುಗಿದಿದೆ, ಕಸಕ್ಕೆ ಹಾಕಬಹುದು. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಕಸದ ಗಾಡಿಗೆ ಕೊಟ್ಟರೆ ಆ ಗಾಡಿಯವರ ಜೀವಕ್ಕೆ ಕುತ್ತು. ಉಜ್ಜಿದ ಮರದ ಪುಡಿಗೆ ಎಣ್ಣೆ ಬೆರೆತಿದ್ದರೂ ಇದೇ ಎಚ್ಚರ.

ಕಡಲೆಕಾಯಿ ಎಣ್ಣೆಗೂ ಒಂದು ಜಾಗ

ಒಣಗದ ಎಣ್ಣೆಗಳು ನಿಷ್ಪ್ರಯೋಜಕ ಅಂತೇನೂ ಇಲ್ಲ. ಚಪಾತಿ ಮಣೆ, ಸೌಟು, ಕಡಗೋಲು ದಿನಾ ತೊಳೆಯುವ ಸಾಮಾನು. ಅವಕ್ಕೆ ಅಜ್ಜಿಯರು ತಿಂಗಳಿಗೊಮ್ಮೆ ತೆಂಗಿನೆಣ್ಣೆ ಸವರಿ ಬಿಸಿಲಿಗಿಡುತ್ತಿದ್ದರು. ತೊಳೆದಾಗ ಹೋಗುತ್ತದೆ, ಮತ್ತೆ ಸವರುತ್ತಾರೆ. ಅದು ಮರ ಬಿರುಕು ಬಿಡದಿರಲಿ ಅಂತ ಮಾಡುವ ಉಪಚಾರ, ನಮ್ಮ ತಲೆಗೆ ಎಣ್ಣೆ ಇಟ್ಟ ಹಾಗೆ. ತೆಂಗಿನೆಣ್ಣೆ ಬೇಗ ಕಮಟು ಹಿಡಿಯದಿರುವುದೂ ಅದರಲ್ಲಿ ಆ ಸಡಿಲ ಜಾಗಗಳು ಇಲ್ಲದ್ದಕ್ಕೇ. ತರಕಾರಿ ಹೆಚ್ಚುವ ಹಲಗೆಗೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಬಳಸುವವರಿದ್ದಾರೆ, ಅದೂ ಒಣಗುವುದಿಲ್ಲ, ಆದರೆ ಕೆಡುವುದೂ ಇಲ್ಲ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಜೇನುಮೇಣವನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿದರೆ ಮುಲಾಮಿನ ಹಾಗೆ ಆಗುತ್ತದೆ. ಸವರಲು ಹಿತ, ವಾಸನೆ ಇನ್ನೂ ಹಿತ.

ಮಗುವಿನ ಆಟಿಕೆಗೆ ಚನ್ನಪಟ್ಟಣದ ಹೊಳಪು ಬೇಕು ಅಂದರೆ ಅದು ಎಣ್ಣೆಯಿಂದ ಬರುವುದಲ್ಲ. ಅಲ್ಲಿ ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರ ಹಿಡಿಯುತ್ತದೆ, ಮೇಲೆ ತಾಳೆಗರಿಯಿಂದ ಹೊಳಪು. ಬೇರೆಯೇ ವಿದ್ಯೆ.

ಬಿಸಿಲು ಮಳೆ ಎರಡೂ ಬೀಳುವ ಗೇಟು, ಹೊರಬಾಗಿಲಿಗೆ ಎಣ್ಣೆ ಒಂದನ್ನೇ ನಂಬಿದರೆ ವರ್ಷಕ್ಕೊಮ್ಮೆ, ಎರಡು ಸಲ ಹಚ್ಚುವ ಪಾಡು. ನನಗೆ ಅಷ್ಟು ವ್ಯವಧಾನ ಇಲ್ಲ, ಅಲ್ಲಿ ಪಿಯು ಹಾಕಿಸಿದ್ದೇನೆ. ಒಳಗಿನ ಸಾಮಾನಿಗೆ ಎಣ್ಣೆ ಇಷ್ಟ ಆಗುವುದು ರಿಪೇರಿಯ ಕಾರಣಕ್ಕೆ. ಪಿಯು ಮೇಲೆ ಗೀರು ಬಿದ್ದರೆ ಅಷ್ಟಗಲ ಎಲ್ಲ ಕೆರೆದು ಮತ್ತೆ ಮಾಡಿಸಬೇಕು. ಎಣ್ಣೆಯ ಮೇಜಿನ ಮೇಲೆ ಬಿಸಿ ಲೋಟದ ಬಿಳಿ ಉಂಗುರ ಬಿದ್ದರೆ ಅಷ್ಟೇ ಜಾಗ ಉಜ್ಜಿ, ಒಂದು ಚಮಚ ಎಣ್ಣೆ ಸವರಿ, ಒರೆಸಿದರೆ ಆಯಿತು.

ತೂಗುಮಣೆಯನ್ನು ಟರ್ಪೆಂಟೈನಿನಲ್ಲಿ ನಾಲ್ಕು ಸಲ ಒರೆಸಿ, ಮತ್ತೆ 120ರಿಂದ ಉಜ್ಜಿ, ಬಾಯ್ಲ್ಡ್ ಅಗಸೆ ಎಣ್ಣೆಯ ಮೂರು ಕೋಟ್ ಕೊಟ್ಟೆ. ಮಾರ್ಚ್ ತಿಂಗಳು, ಒಂದು ವಾರದಲ್ಲಿ ಮುಗಿಯಿತು. ಮುಂಚಿನ ಥಳಥಳ ಇಲ್ಲ, ಕೈ ಸವರಿದರೆ ಮರ ಸಿಗುತ್ತದೆ. ಅತ್ತೆ ಮತ್ತೆ ಬಂದರು. ಕೂರುವ ಮುಂಚೆ ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ತುದಿ ತಿರುಗಿಸಿ ನೋಡಿ, ಆಮೇಲೆ ಕೂತರು.